ಹದಿನಾಲ್ಕು ಚುಚ್ಚುಮದ್ದು ಮತ್ತು ಮಿದುಳಿನ ಗಾಯ

ಹುಚ್ಚುನಾಯಿ ಕಡಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಹಾಕಿಸಿಕೊಳ್ಳಬೇಕೆಂಬುದು ಒಂದು ಕಾಲಕ್ಕೆ ಕನ್ನಡ ನಾಡಿನ ಹಳ್ಳಿಹಳ್ಳಿಯಲ್ಲಿಯೂ ಮಕ್ಕಳಾದಿಯಾಗಿ ಎಲ್ಲರಿಗೂ ತಿಳಿದಿದ್ದ ಮಾತು. ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯಂತಹ ಊರುಗಳಲ್ಲಿ ರಾಗಿಯ ಹೊಲ, ಹಿಪ್ಪುನೇರಳೆ ತೋಟ, ಕುರಿಯ ಮಂದೆ ಇವುಗಳ ನಡುವೆ ಬದುಕು ಸಾಗಿಸುವ ರೈತನಿಗೆ ನಾಯಿ ಬೇಕಾದ ಪ್ರಾಣಿಯೂ ಹೌದು, ಭಯದ ಪ್ರಾಣಿಯೂ ಹೌದು. ನಾಯಿ ಕಡಿತಕ್ಕೆ ಅಂಜುವಷ್ಟೇ ಆ ಹದಿನಾಲ್ಕು ಸೂಜಿಗಳಿಗೂ ಜನ ಅಂಜುತ್ತಿದ್ದರು. ನೋವಿನ ಅಂಜಿಕೆಯ ಜೊತೆಗೆ ಇನ್ನೊಂದು ಅಂಜಿಕೆಯೂ ಇತ್ತು: ಸೂಜಿ ಹಾಕಿಸಿಕೊಂಡವರಲ್ಲಿ ಕೆಲವರಿಗೆ ಕಾಲು ಬಿದ್ದುಹೋಗುತ್ತದೆ ಎಂಬ ಮಾತು ಹಳ್ಳಿಗಳಲ್ಲಿ ಹರಡಿತ್ತು.

ಆ ಮಾತು ಕೇವಲ ಮೂಢನಂಬಿಕೆಯಾಗಿರಲಿಲ್ಲ. ಹಳೆಯ ಲಸಿಕೆಯಲ್ಲಿದ್ದುದು ಕುರಿಯ ಮಿದುಳು. ಅದನ್ನು ಪಡೆದ ಬಹುಪಾಲು ಜನ ಯಾವ ತೊಂದರೆಯೂ ಇಲ್ಲದೆ ಬದುಕಿ ಉಳಿದರು. ಆದರೆ ಕೆಲವರ ಮಿದುಳು ಮತ್ತು ಬೆನ್ನುಹುರಿಯಲ್ಲಿ ಗಾಯಗಳುಂಟಾಗಿ ಪಾರ್ಶ್ವವಾಯುವಿನಂತಹ ಸ್ಥಿತಿ ಒದಗಿತು. ಏಕೆ ಹೀಗಾಯಿತೆಂಬ ಪ್ರಶ್ನೆಯನ್ನು ಬೆನ್ನುಹತ್ತಿದ ವಿಜ್ಞಾನಿಗಳು ಮಂಗ, ಗಿನಿಯಿಲಿ ಮತ್ತು ಇಲಿಗಳಲ್ಲಿ ಅದೇ ಬಗೆಯ ಗಾಯಗಳನ್ನು ಉಂಟುಮಾಡಿ ನೋಡಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ, ಯೌವನದಲ್ಲಿಯೇ ಮನುಷ್ಯನನ್ನು ಹಿಡಿದು ದುರ್ಬಲಗೊಳಿಸುವ ನರರೋಗದ ಬಗೆಗೆ ಇಂದು ತಿಳಿದಿರುವ ಬಹಳಷ್ಟು ಸಂಗತಿಗಳು ಆ ಪ್ರಯೋಗಗಳಿಂದಲೇ ಬಂದವು. ಪ್ರಾಣಿಗಳ ಮಿದುಳಿನ ಗಾಯ ಮನುಷ್ಯನಿಗೆ ಏನನ್ನು ಕಲಿಸಿತು, ಏನನ್ನು ಕಲಿಸಲಾರದೆ ಹೋಯಿತು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನರತಂತುವಿನ ಹೊದಿಕೆ

ಪಂಪ್‌ಸೆಟ್ಟಿಗೆ ಹೋಗುವ ವಿದ್ಯುತ್ ತಂತಿಯನ್ನು ನೋಡದ ರೈತನಿಲ್ಲ. ಒಳಗೆ ತಾಮ್ರದ ಎಳೆ, ಹೊರಗೆ ಅದನ್ನು ಕಾಯುವ ಹೊದಿಕೆ. ಮಿದುಳಿನಿಂದ ಅಂಗಾಂಗಗಳಿಗೆ ಸಂದೇಶವನ್ನು ಒಯ್ಯುವ ನರತಂತುಗಳ ರಚನೆಯೂ ಸ್ಥೂಲವಾಗಿ ಇದೇ ಬಗೆಯದು. ಒಳಗಿನ ಎಳೆಯ ಸುತ್ತ ಕೊಬ್ಬು ಮತ್ತು ಪ್ರೋಟೀನುಗಳಿಂದಾದ, ಪದರಪದರವಾಗಿ ಸುತ್ತಿಕೊಂಡ ಒಂದು ಹೊದಿಕೆಯಿರುತ್ತದೆ. ಇದಕ್ಕೆ ಮೈಲಿನ್ ಎಂದು ಹೆಸರು. ಮಿದುಳನ್ನು ಕತ್ತರಿಸಿ ನೋಡಿದಾಗ ಒಳಭಾಗ ಬೆಳ್ಳಗೆ ಕಾಣುವುದು ಈ ಮೈಲಿನ್ನಿನ ಕಾರಣದಿಂದಲೇ. ಮಿದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಇದನ್ನು ತಯಾರಿಸುವುದು ಆಲಿಗೊಡೆಂಡ್ರೋಸೈಟ್ ಎಂಬ ಜೀವಕೋಶ. ಇಂತಹ ಒಂದು ಕೋಶವೇ ತನ್ನ ಚಾಚುಗಳಿಂದ ಹತ್ತಾರು ನರತಂತುಗಳಿಗೆ ಹೊದಿಕೆಯನ್ನು ಒದಗಿಸಬಲ್ಲುದು.

ಹೊದಿಕೆಯುಳ್ಳ ದಪ್ಪ ನರತಂತುವಿನಲ್ಲಿ ಸಂದೇಶವು ಸೆಕೆಂಡಿಗೆ ಸುಮಾರು 100 ಮೀಟರಿನವರೆಗಿನ ವೇಗದಲ್ಲಿ ಓಡುತ್ತದೆ. ಹೊದಿಕೆಯಿಲ್ಲದ ಸಣ್ಣ ತಂತುವಿನಲ್ಲಿ ಅದು ಸೆಕೆಂಡಿಗೆ ಒಂದು ಮೀಟರಿನಷ್ಟು ನಿಧಾನವಾಗಿ ತೆವಳಬಹುದು. ಆದುದರಿಂದ ಹೊದಿಕೆ ಕಳಚಿದರೆ ಸಂದೇಶವು ತಡವಾಗುತ್ತದೆ, ಇಲ್ಲವೆ ದಾರಿಯಲ್ಲಿಯೇ ನಿಂತುಹೋಗುತ್ತದೆ. ಕಣ್ಣಿನ ನರದಲ್ಲಿ ಹೀಗಾದರೆ ದೃಷ್ಟಿ ಮಬ್ಬಾಗುತ್ತದೆ. ಬೆನ್ನುಹುರಿಯಲ್ಲಾದರೆ ಕಾಲುಗಳು ಸೋಲುತ್ತವೆ, ಮೂತ್ರದ ಮೇಲಿನ ಹಿಡಿತ ತಪ್ಪುತ್ತದೆ. ಕಿರಿಮಿದುಳಿನಲ್ಲಾದರೆ ನಡಿಗೆ ತೂರಾಡುತ್ತದೆ.

ಗಟ್ಟಿಯಾದ ಕಲೆಗಳ ರೋಗ

1868ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ವೈದ್ಯ ಜಾನ್ ಮಾರ್ಟಿನ್ ಶಾರ್ಕೋ, ತೂರಾಟ, ಕಣ್ಣಿನ ಅದುರಾಟ ಮತ್ತು ತೊದಲುವಿಕೆಯಿಂದ ನರಳಿ ಸತ್ತ ರೋಗಿಗಳ ಮಿದುಳಿನಲ್ಲಿ ಅಲ್ಲಲ್ಲಿ ಗಟ್ಟಿಯಾದ ಬೂದುಬಣ್ಣದ ಕಲೆಗಳನ್ನು ವಿವರಿಸಿದನು. ಕಲೆಯ ಜಾಗದಲ್ಲಿ ಮೈಲಿನ್ ಹೊದಿಕೆ ಕಳಚಿದ್ದು, ಒಳಗಿನ ಎಳೆಗಳು ಬಹುಮಟ್ಟಿಗೆ ಉಳಿದಿದ್ದವು. ಗಾಯ ಮಾಯ್ದ ಚರ್ಮ ಗಟ್ಟಿಯಾಗುವಂತೆ ಈ ಜಾಗಗಳೂ ಬಿರುಸಾಗಿದ್ದವು. ‘ಅನೇಕ ಕಡೆ ಗಟ್ಟಿಯಾಗುವಿಕೆ’ ಎಂಬ ಅರ್ಥದ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಹೆಸರು ಈ ಕಲೆಗಳಿಂದಲೇ ಬಂದಿದೆ. ಈ ರೋಗದಲ್ಲಿ ಗಾಯಗಳು ಒಂದೇ ಕಡೆ ಇರುವುದಿಲ್ಲ, ಒಂದೇ ಸಲ ಬರುವುದೂ ಇಲ್ಲ. ಒಂದು ಮಾಯುವಾಗ ಇನ್ನೊಂದು ಬೇರೊಂದೆಡೆ ಹುಟ್ಟುತ್ತದೆ. ಸಾಮಾನ್ಯವಾಗಿ 20ರಿಂದ 40 ವರ್ಷದ ಒಳಗೆ ಕಾಣಿಸಿಕೊಳ್ಳುವ ಈ ರೋಗ ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು.

ಇದು ಶೀತದೇಶಗಳ ಬಿಳಿಯರ ರೋಗ, ನಮ್ಮಲ್ಲಿ ಅಪರೂಪ ಎಂದು ಬಹುಕಾಲ ನಂಬಲಾಗಿತ್ತು. ಅಲ್ಲಿಗಿಂತ ಇಲ್ಲಿ ಕಡಮೆಯೆಂಬುದು ನಿಜ, ಇಲ್ಲವೆಂಬುದು ನಿಜವಲ್ಲ. ಮಂಗಳೂರು ನಗರದಲ್ಲಿ ಡಾ. ಲೇಖಾ ಪಂಡಿತ್ ಅವರು ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಒಂದು ಲಕ್ಷ ಜನರಿಗೆ ಸುಮಾರು ಎಂಟು ಮಂದಿ ಈ ರೋಗದವರು ಕಂಡುಬಂದರು. ಮಿದುಳಿನ ಚಿತ್ರ ತೆಗೆಯುವ ಎಂ.ಆರ್.ಐ. ಯಂತ್ರಗಳು ಬಂದ ಮೇಲೆ, ಹಿಂದೆ ಹೆಸರಿಲ್ಲದೆ ಹೋಗುತ್ತಿದ್ದ ಕಾಯಿಲೆಗೆ ಹೆಸರು ದೊರೆಯುತ್ತಿದೆ.

ಲಸಿಕೆಯೊಳಗಿನ ಮಿದುಳು

ಈ ರೋಗಕ್ಕೂ ಹುಚ್ಚುನಾಯಿಯ ಲಸಿಕೆಗೂ ಇರುವ ನಂಟನ್ನು ತಿಳಿಯಲು ಲಸಿಕೆಯ ಚರಿತ್ರೆಯನ್ನು ತುಸು ನೋಡಬೇಕು. 1885ರ ಜುಲೈ 6ರಂದು ಲೂಯಿ ಪಾಸ್ತರನು ಜೋಸೆಫ್ ಮೀಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನಿಗೆ ರೇಬೀಸ್ ಲಸಿಕೆಯನ್ನು ಮೊದಲ ಸಲ ಹಾಕಿಸಿದನು. ಸೋಂಕು ತಗುಲಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ ಅದರ ಶಕ್ತಿಯನ್ನು ಕುಂದಿಸಿ ಮಾಡಿದ ಲಸಿಕೆಯದು. ಹುಡುಗ ಬದುಕಿದನು. ರೇಬೀಸ್ ವೈರಸ್ಸು ನರಗಳಲ್ಲಿಯೂ ಮಿದುಳಿನಲ್ಲಿಯೂ ಬೆಳೆಯುವಂತಹುದು. ಅದನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ವಿದ್ಯೆ ಆಗ ಇಲ್ಲದ ಕಾರಣ ಪ್ರಾಣಿಯ ಮಿದುಳೇ ಲಸಿಕೆಯ ಹೊಲವಾಯಿತು.

ಭಾರತದಲ್ಲಿ 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿಯೂ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಪಾಸ್ತರ್ ಸಂಸ್ಥೆಗಳು ಆರಂಭವಾದವು. ಕಸೌಲಿಯಲ್ಲಿದ್ದ ಡೇವಿಡ್ ಸೆಂಪಲ್ 1911ರಲ್ಲಿ ಹೊಸದೊಂದು ವಿಧಾನವನ್ನು ಪ್ರಕಟಿಸಿದನು. ಸೋಂಕಿತ ಪ್ರಾಣಿಯ ಮಿದುಳನ್ನು ಅರೆದು, ಫೀನಾಲ್ ಬೆರೆಸಿ ವೈರಸ್ಸನ್ನು ಕೊಲ್ಲುವುದೇ ಆ ವಿಧಾನ. ಅದು ಅಗ್ಗ, ಸುಲಭ, ದೂರದ ಊರುಗಳಿಗೆ ಸಾಗಿಸಲು ಯೋಗ್ಯ. ಮುಂದೆ ನಮ್ಮ ದೇಶದಲ್ಲಿ ಇದಕ್ಕಾಗಿ ಕುರಿಯ ಮಿದುಳನ್ನು ಬಳಸತೊಡಗಿದರು. ಫೀನಾಲಿನ ಬದಲು ಬೀಟಾ ಪ್ರೊಪಿಯೋಲ್ಯಾಕ್ಟೋನ್ ಎಂಬ ರಾಸಾಯನಿಕವನ್ನು ಉಪಯೋಗಿಸುವ ಕ್ರಮವೂ ಬಂದಿತು. ಹೀಗೆ ತಯಾರಾದ ಲಸಿಕೆ ಹಲವು ತಲೆಮಾರುಗಳ ಕಾಲ ಅಸಂಖ್ಯಾತ ಪ್ರಾಣಗಳನ್ನು ಉಳಿಸಿತೆಂಬುದನ್ನು ಮರೆಯಬಾರದು.

ಆದರೆ ಒಂದು ಲೆಕ್ಕವನ್ನು ಗಮನಿಸಬೇಕು. ಲಸಿಕೆಯಲ್ಲಿ ನೂರಕ್ಕೆ ಐದು ಪಾಲು ಮಿದುಳಿನ ಅಂಶವಿದ್ದು, ದಿನಕ್ಕೆ 5 ಮಿ.ಲೀ.ನಂತೆ 14 ದಿನ ಕೊಟ್ಟರೆ, ಒಬ್ಬ ಮನುಷ್ಯನ ಮೈಯೊಳಗೆ ಸೇರುವ ಕುರಿಯ ಮಿದುಳು ಮೂರೂವರೆ ಗ್ರಾಂ. ಅಷ್ಟು ಪ್ರಮಾಣವನ್ನು ತೋಳು ತಾಳಲಾರದೆಂದೇ ವಿಶಾಲವಾದ ಹೊಟ್ಟೆಯ ಚರ್ಮವನ್ನು ಆರಿಸಿಕೊಂಡಿದ್ದು. ಆ ಮಿದುಳಿನೊಡನೆ ಕುರಿಯ ಮೈಲಿನ್ನೂ ಮನುಷ್ಯನ ಮೈ ಸೇರುತ್ತಿತ್ತು.

ಅತ್ತ ದರಿ, ಇತ್ತ ಪುಲಿ

ಲಸಿಕೆ ಆರಂಭಿಸಿ ಒಂದೆರಡು ವಾರಗಳಾಗುವ ವೇಳೆಗೆ ಕೆಲವರಿಗೆ ಜ್ವರ, ತಲೆನೋವು, ಬೆನ್ನುನೋವು ಕಾಣಿಸಿಕೊಂಡು, ಆನಂತರ ಕಾಲುಗಳು ಮರಗಟ್ಟಿ, ಮೂತ್ರ ಕಟ್ಟಿ, ಹಾಸಿಗೆ ಹಿಡಿಯುವ ಸ್ಥಿತಿ ಬರುತ್ತಿತ್ತು. ಕೆಲವರು ಪ್ರಜ್ಞೆ ತಪ್ಪುತ್ತಿದ್ದರು. ಅನೇಕರು ವಾರಗಳಲ್ಲಿ ಚೇತರಿಸಿಕೊಂಡರು, ಕೆಲವರಿಗೆ ಊನ ಉಳಿಯಿತು, ಕೆಲವರು ತೀರಿಕೊಂಡರು. ಇಂತಹ ಅವಘಡದ ಪ್ರಮಾಣ ವರದಿಯಿಂದ ವರದಿಗೆ ಬೇರೆಯಾಗಿದ್ದು, ಕೆಲವು ನೂರು ಜನರಿಗೆ ಒಬ್ಬರಿಂದ ಹಿಡಿದು ಹಲವು ಸಾವಿರಕ್ಕೆ ಒಬ್ಬರವರೆಗೆ ಇದೆ.

ವೈದ್ಯರ ಸಂಕಟವನ್ನು ಊಹಿಸಿಕೊಳ್ಳಬಹುದು. ರೇಬೀಸ್ ಲಕ್ಷಣಗಳು ಒಮ್ಮೆ ಕಾಣಿಸಿದರೆ ಸಾವು ಬಹುತೇಕ ಖಚಿತ. ಹತ್ತನೆಯ ದಿನ ರೋಗಿಯ ಕಾಲು ಸೋತಾಗ ಉಳಿದ ಸೂಜಿಗಳನ್ನು ನಿಲ್ಲಿಸಿದರೆ ರೇಬೀಸಿನ ಭಯ. ಮುಂದುವರಿಸಿದರೆ ಮಿದುಳಿಗೆ ಇನ್ನಷ್ಟು ಪೆಟ್ಟು ಬೀಳುವ ಭಯ. ಅಷ್ಟೇ ಅಲ್ಲ, ಕಾಲು ಸೋತಿರುವುದು ಲಸಿಕೆಯಿಂದಲೋ ರೇಬೀಸಿನಿಂದಲೋ ಎಂಬುದನ್ನು ನಿರ್ಧರಿಸುವುದೂ ಕಷ್ಟವಾಗಿತ್ತು.

ಈ ಸಮಸ್ಯೆಯನ್ನು ಕರ್ನಾಟಕದಲ್ಲಿಯೇ ಕೂಲಂಕಷವಾಗಿ ಪರಿಶೀಲಿಸಿದವರು ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ, ಅಂದರೆ ನಿಮ್ಹಾನ್ಸಿನ, ವೈದ್ಯರು. 1974ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಡಾ. ಎಚ್.ಎಸ್. ಸ್ವಾಮಿ, ಡಾ. ಎಸ್.ಕೆ. ಶಂಕರ್ ಮತ್ತು ಅವರ ಸಹೋದ್ಯೋಗಿಗಳು, ಬೀಟಾ ಪ್ರೊಪಿಯೋಲ್ಯಾಕ್ಟೋನ್ ಬಳಸಿ ಮಾಡಿದ ರೇಬೀಸ್ ಲಸಿಕೆಯಿಂದಾದ ನರಸಂಬಂಧಿ ತೊಡಕುಗಳನ್ನು ಕುರಿತು 1984ರಲ್ಲಿ ವಿವರವಾದ ವರದಿಯನ್ನು ಪ್ರಕಟಿಸಿದರು. ರೋಗಲಕ್ಷಣ, ನರಗಳ ವಿದ್ಯುತ್ ಪರೀಕ್ಷೆ ಮತ್ತು ಚಿಕಿತ್ಸೆ ಮೂರನ್ನೂ ಆ ವರದಿ ಪರಿಶೀಲಿಸಿತು. ವೈರಸ್ಸನ್ನು ಕೊಲ್ಲುವ ರಾಸಾಯನಿಕವನ್ನು ಬದಲಿಸಿದ ಮಾತ್ರಕ್ಕೆ ಅಪಾಯ ಕಳೆಯಲಿಲ್ಲವೆಂಬುದು ಇಂತಹ ವರದಿಗಳಿಂದ ಸ್ಪಷ್ಟವಾಯಿತು. ಏಕೆಂದರೆ ಲಸಿಕೆಯಲ್ಲಿ ಮಿದುಳು ಹಾಗೆಯೇ ಇತ್ತು.

ರಿವರ್ಸ್ ಕೇಳಿದ ಪ್ರಶ್ನೆ

ತಪ್ಪು ಮಿದುಳಿನದು ಎಂಬುದನ್ನು ತೋರಿಸಿಕೊಟ್ಟ ಪ್ರಯೋಗ ಇದಕ್ಕೆ ಅರ್ಧ ಶತಮಾನದಷ್ಟು ಹಿಂದೆಯೇ ನಡೆದಿತ್ತು. ಲಸಿಕೆಯ ಅವಘಡಗಳು ಪಾಸ್ತರನ ಕಾಲದಿಂದಲೂ ವೈದ್ಯರಿಗೆ ಗೊತ್ತಿದ್ದವು. ಕಾರಣ ಲಸಿಕೆಯ ವೈರಸ್ಸೇ, ಅಥವಾ ಅದರೊಂದಿಗೆ ಹೋಗುವ ಮಿದುಳಿನ ಅಂಶವೇ ಎಂಬುದು ವಿವಾದವಾಗಿತ್ತು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್ ಈ ಪ್ರಶ್ನೆಯನ್ನು ಬಿಡಿಸಲು ಸರಳವಾದ ದಾರಿಯೊಂದನ್ನು ಹಿಡಿದನು: ವೈರಸ್ಸೇ ಇಲ್ಲದ, ಆರೋಗ್ಯವಂತ ಮೊಲದ ಮಿದುಳನ್ನು ಮಾತ್ರ ಚುಚ್ಚಿ ನೋಡುವುದು.

ಅವನೂ ಅವನ ಸಂಗಡಿಗರೂ ರೀಸಸ್ ಜಾತಿಯ ಮಂಗಗಳ ಸ್ನಾಯುವಿಗೆ ಮೊಲದ ಮಿದುಳಿನ ಸಾರವನ್ನು ತಿಂಗಳುಗಟ್ಟಲೆ, ಹತ್ತಾರು ಬಾರಿ ಚುಚ್ಚಿದರು. 1933ರ ವರದಿಯಲ್ಲಿ ಎಂಟು ಮಂಗಗಳ ಪೈಕಿ ಎರಡಕ್ಕೆ ಕಾಯಿಲೆ ಬಂದಿತು. 1935ರಲ್ಲಿ ರಿವರ್ಸ್ ಮತ್ತು ಶ್ವೆಂಟ್ಕರ್ ನಡೆಸಿದ ಪ್ರಯೋಗದಲ್ಲಿ ಎಂಟರ ಪೈಕಿ ಏಳಕ್ಕೆ ಬಂದಿತು. ಮಂಗಗಳ ನಡಿಗೆ ತೂರಾಡಿತು, ಕಾಲುಗಳು ಸೋತವು. ಸತ್ತ ಮಂಗಗಳ ಮಿದುಳನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸಣ್ಣ ರಕ್ತನಾಳಗಳ ಸುತ್ತ ಬಿಳಿ ರಕ್ತಕಣಗಳು ಬಳೆಯಂತೆ ಮುತ್ತಿಕೊಂಡಿದ್ದವು. ಆ ಬಳೆಯ ಅಂಚಿನಲ್ಲಿ ಮೈಲಿನ್ ಹೊದಿಕೆ ಕರಗಿಹೋಗಿತ್ತು. ಚುಚ್ಚಿದ್ದು ಸ್ನಾಯುವಿಗೆ, ಗಾಯವಾದದ್ದು ಮಿದುಳಿಗೆ. ಯಾವ ವೈರಸ್ಸೂ ಇರಲಿಲ್ಲ. ಅಂದರೆ ಹೊರಗಿನಿಂದ ಬಂದ ಮಿದುಳಿನ ಅಂಶವನ್ನು ಶತ್ರುವೆಂದು ಭಾವಿಸಿದ ದೇಹವು, ಅದನ್ನೇ ಹೋಲುವ ತನ್ನ ಮಿದುಳಿನ ಮೇಲೆಯೂ ದಾಳಿ ಮಾಡಿತ್ತು. ಕಳ್ಳನ ಗುರುತು ಹಿಡಿದ ಕಾವಲುಗಾರನು ಅದೇ ಮುಖಚರ್ಯೆಯ ಮನೆಯವನನ್ನು ಬಡಿದಂತಾಯಿತು.

ಆ ಕಾಲದ ಪ್ರಯೋಗಶಾಲೆಗಳಿಗೆ ಬೇಕಾದ ರೀಸಸ್ ಮಂಗಗಳು ಹೆಚ್ಚಾಗಿ ಭಾರತದಿಂದಲೇ ರಫ್ತಾಗುತ್ತಿದ್ದವು. ಕನಕಪುರದ ಕಾಡಂಚಿನಲ್ಲಿ ಕಾಣುವ ಉದ್ದಬಾಲದ ಮಂಗ ಬೇರೆ ಜಾತಿಯದು. ರೀಸಸ್ ಉತ್ತರ ಭಾರತದ್ದು. ಆ ರಫ್ತನ್ನು ಭಾರತ ಸರ್ಕಾರವು 1978ರಲ್ಲಿ ನಿಲ್ಲಿಸಿತು.

ಒಂದೊಂದೇ ಗಂಟು ಬಿಡಿಸಿದ ಬಗೆ

ರಿವರ್ಸನ ವಿಧಾನದಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. 1940ರ ದಶಕದಲ್ಲಿ ಎಲ್ವಿನ್ ಕ್ಯಾಬಟ್ ಮತ್ತು ಅವನ ಸಂಗಡಿಗರು, ಮಿದುಳಿನ ಸಾರಕ್ಕೆ ಖನಿಜ ತೈಲವನ್ನೂ ಕೊಂದ ಕ್ಷಯರೋಗಾಣುಗಳನ್ನೂ ಬೆರೆಸಿ ದೇಹದ ರಕ್ಷಣಾಶಕ್ತಿಯನ್ನು ಕೆರಳಿಸಿದಾಗ, ಕೆಲವೇ ಚುಚ್ಚುಮದ್ದುಗಳಿಂದ ವಾರಗಳೊಳಗೆ ಅದೇ ಗಾಯಗಳು ಮೂಡಿದವು. ಮಂಗದ ಮಿದುಳಿನ ಮುಂಭಾಗದ ಚೂರೊಂದನ್ನು ಶಸ್ತ್ರಕ್ರಿಯೆಯಿಂದ ತೆಗೆದು ಅದೇ ಮಂಗಕ್ಕೆ ಚುಚ್ಚಿದಾಗಲೂ ಕಾಯಿಲೆ ಬಂದಿತು. ಹಾಗಾಗಿ ಬೇರೆ ಪ್ರಾಣಿಯ ಮಿದುಳೇ ಆಗಬೇಕೆಂದಿಲ್ಲ. ತನ್ನದೇ ಮಿದುಳಿಗೆ ತಾನೇ ವೈರಿಯಾಗುವ ಸಾಧ್ಯತೆ ದೇಹದಲ್ಲಿ ಅಡಗಿದೆಯೆಂಬುದು ಸಿದ್ಧವಾಯಿತು.

1960ರಲ್ಲಿ ಫಿಲಿಪ್ ಪ್ಯಾಟರ್ಸನ್ ಕಾಯಿಲೆ ಬರಿಸಿದ ಇಲಿಯ ದುಗ್ಧಗ್ರಂಥಿಗಳ ಜೀವಕಣಗಳನ್ನು ಆರೋಗ್ಯವಂತ ಇಲಿಗೆ ಸೇರಿಸಿ ಕಾಯಿಲೆಯನ್ನು ವರ್ಗಾಯಿಸಿದನು. ದಾಳಿಯ ಮುಂಚೂಣಿಯಲ್ಲಿರುವುದು ಬಿಳಿ ರಕ್ತಕಣಗಳೆಂಬುದು ಇದರಿಂದ ತಿಳಿಯಿತು. ಆ ಕಣಗಳಿಗೆ ಗುರಿಯಾಗುವ ಮೈಲಿನ್ನಿನ ಪ್ರೋಟೀನು ಯಾವುದೆಂಬುದನ್ನೂ ಅದೇ ದಶಕದಲ್ಲಿ ಬೇರ್ಪಡಿಸಿ ತಿಳಿದರು. ಅದಕ್ಕೆ ಮೈಲಿನ್ ಬೇಸಿಕ್ ಪ್ರೋಟೀನ್ ಎಂದು ಹೆಸರು. ಈ ಪ್ರಾಯೋಗಿಕ ಕಾಯಿಲೆಯನ್ನು ಇಂದು ವಿಜ್ಞಾನಿಗಳು ಇ.ಎ.ಇ. ಎಂಬ ಹ್ರಸ್ವನಾಮದಿಂದ ಕರೆಯುತ್ತಾರೆ.

ಕೊನೆಗೆ 1987ರಲ್ಲಿ ವೃತ್ತ ಪೂರ್ಣಗೊಂಡಿತು. ಥೈಲೆಂಡಿನ ತಿರಾವತ್ ಹೇಮಚುಧಾ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಸೆಂಪಲ್ ಲಸಿಕೆಯಿಂದ ನರಳಿದ ಜನರ ದೇಹದಲ್ಲಿ ಅದೇ ಮೈಲಿನ್ ಬೇಸಿಕ್ ಪ್ರೋಟೀನಿಗೆ ವಿರುದ್ಧವಾದ ಪ್ರತಿಕ್ರಿಯೆಯನ್ನು ಕಂಡರು. ಮಂಗದ ಮಿದುಳಿನಲ್ಲಿ ಕಂಡದ್ದು ಮನುಷ್ಯನಲ್ಲಿಯೂ ನಡೆದಿತ್ತು.

ಗಾಯ ಮಾಡುವ ಬೇರೆ ಬೇರೆ ದಾರಿಗಳು

ಮೈಲಿನ್ ಕಳಚುವುದು ರಕ್ಷಣಾಕಣಗಳ ದಾಳಿಯಿಂದ ಮಾತ್ರವಲ್ಲ. ಆದುದರಿಂದ ಪ್ರಯೋಗಶಾಲೆಗಳಲ್ಲಿ ಒಂದೊಂದು ಪ್ರಶ್ನೆಗೆ ಒಂದೊಂದು ಬಗೆಯ ಪ್ರಾಣಿ ಮಾದರಿಯನ್ನು ಬಳಸುತ್ತಾರೆ.

ಮೊದಲನೆಯದು ಕ್ಯುಪ್ರಿಜೋನ್ ಎಂಬ ರಾಸಾಯನಿಕ. ಇದು ತಾಮ್ರವನ್ನು ಹಿಡಿದಿಡುವಂತಹುದು. ಇದನ್ನು ಸಾವಿರಕ್ಕೆ ಎರಡು ಪಾಲಿನಂತೆ ಆಹಾರದಲ್ಲಿ ಬೆರೆಸಿ ಐದಾರು ವಾರ ತಿನ್ನಿಸಿದರೆ ಚಿಟ್ಟಿಲಿಯ ಮಿದುಳಿನ ಎರಡು ಅರೆಗಳನ್ನು ಜೋಡಿಸುವ ಬಿಳಿಯ ಸೇತುವೆಯಲ್ಲಿ ಹೊದಿಕೆ ತಯಾರಿಸುವ ಕೋಶಗಳು ಸತ್ತು, ಹೊದಿಕೆ ಕಳಚುತ್ತದೆ. ತಿನ್ನಿಸುವುದನ್ನು ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಹೊದಿಕೆ ಮತ್ತೆ ಬೆಳೆಯುತ್ತದೆ. ತಾಮ್ರಕ್ಕೂ ಮೈಲಿನ್ನಿಗೂ ಇರುವ ಸಂಬಂಧ ಕುರಿ ಸಾಕುವವರಿಗೂ ಹೊಸದಲ್ಲ: ಗಬ್ಬದ ಕುರಿಗೆ ತಾಮ್ರದ ಕೊರತೆಯಾದರೆ ಹುಟ್ಟಿದ ಮರಿ ಹಿಂಗಾಲು ತೂರಾಡಿಸುತ್ತ ನಿಲ್ಲಲಾರದೆ ಬೀಳುವುದುಂಟು.

ಎರಡನೆಯದು ಲೈಸೊಲೆಸಿಥಿನ್ ಎಂಬ, ಸಾಬೂನಿನಂತೆ ಕೊಬ್ಬನ್ನು ಕರಗಿಸುವ ವಸ್ತು. ಇದನ್ನು ಮಿದುಳಿನ ಅಥವಾ ಬೆನ್ನುಹುರಿಯ ಒಂದೇ ಬಿಂದುವಿಗೆ ಚುಚ್ಚಿದರೆ ಅಲ್ಲಿ ಮಾತ್ರ ಗಾಯವಾಗುತ್ತದೆ. ಗಾಯ ಎಲ್ಲಿದೆ, ಯಾವ ದಿನ ಆಯಿತು ಎಂಬುದು ನಿಖರವಾಗಿ ತಿಳಿದಿರುವುದರಿಂದ, ಅದು ಮಾಯುವ ಕ್ರಮವನ್ನು ದಿನದಿನವೂ ಅಳೆಯಬಹುದು.

ಮೂರನೆಯದು ವೈರಸ್ಸಿನ ದಾರಿ. ಮ್ಯಾಕ್ಸ್ ಥೈಲರ್ 1937ರಲ್ಲಿ ವಿವರಿಸಿದ ಚಿಟ್ಟಿಲಿಯ ವೈರಸ್ಸೊಂದು ಮಿದುಳಿನಲ್ಲಿ ದೀರ್ಘಕಾಲ ನೆಲೆಸಿ, ತಿಂಗಳುಗಳ ಅನಂತರ ಮೈಲಿನ್ ಗಾಯಗಳನ್ನು ಮಾಡುತ್ತದೆ. ಪ್ರಯೋಗಶಾಲೆಯ ಹೊರಗೂ ಇಂತಹ ಉದಾಹರಣೆಗಳಿವೆ. ಮರಿನಾಯಿಗಳನ್ನು ಹಿಡಿಯುವ ಡಿಸ್ಟೆಂಪರ್ ರೋಗವು ನಾಯಿಯ ಕಿರಿಮಿದುಳಿನಲ್ಲಿ ಹೊದಿಕೆ ಕಳಚಿದ ಗಾಯಗಳನ್ನು ಉಂಟುಮಾಡುತ್ತದೆ. ಬೀದಿಯಲ್ಲಿ ಕಾಲು ಅದುರಿಸುತ್ತ ತೂರಾಡುವ ಪ್ರತಿಯೊಂದು ನಾಯಿಯೂ ಹುಚ್ಚುನಾಯಿಯಾಗಿರಬೇಕಿಲ್ಲ. ಆದರೂ ಅದರಿಂದ ದೂರವಿರುವುದೇ ಜಾಣತನ.

ಹೋಲಿಕೆ ಎಷ್ಟು, ವ್ಯತ್ಯಾಸ ಎಷ್ಟು

ಇಷ್ಟೆಲ್ಲ ಮಾದರಿಗಳಿದ್ದರೂ ಇವುಗಳಲ್ಲಿ ಯಾವುದೂ ಮಲ್ಟಿಪಲ್ ಸ್ಕ್ಲೆರೋಸಿಸ್ ಅಲ್ಲ ಎಂಬುದನ್ನು ಮನಗಾಣಬೇಕು. ಸಣ್ಣ ರಕ್ತನಾಳದ ಸುತ್ತ ಬಿಳಿ ಕಣಗಳ ಮುತ್ತಿಗೆ, ಕಳಚಿದ ಹೊದಿಕೆ, ಬಹುಮಟ್ಟಿಗೆ ಉಳಿದ ಎಳೆ ಇವು ಮೂರೂ ಪ್ರಾಣಿಯಲ್ಲಿಯೂ ರೋಗಿಯಲ್ಲಿಯೂ ಕಾಣುತ್ತವೆ. ಆದರೆ ರಿವರ್ಸನ ಮಂಗಗಳಲ್ಲಿಯೂ ಲಸಿಕೆಯಿಂದ ನರಳಿದ ರೈತರಲ್ಲಿಯೂ ಗಾಯಗಳು ಬಹುತೇಕ ಒಂದೇ ವಯಸ್ಸಿನವು. ಒಂದು ಬಿರುಗಾಳಿ ಬೀಸಿ ಹೋದಂತೆ. ಮಲ್ಟಿಪಲ್ ಸ್ಕ್ಲೆರೋಸಿಸ್ಸಿನಲ್ಲಾದರೋ ಹಳೆಯ ಕಲೆಯ ಪಕ್ಕದಲ್ಲಿ ಹೊಸ ಗಾಯವಿರುತ್ತದೆ. ಗಾಯಗಳು ಒಂದರೊಡನೊಂದು ಕೂಡಿಕೊಂಡು ದೊಡ್ಡದಾಗುತ್ತವೆ. ವರ್ಷಗಳು ಕಳೆದಂತೆ ಒಳಗಿನ ಎಳೆಗಳೂ ನಾಶವಾಗುತ್ತವೆ.

ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಪ್ರಾಣಿ ಚಿಟ್ಟಿಲಿ. ಅದರ ಮಿದುಳಿನ ತೂಕ ಅರ್ಧ ಗ್ರಾಮಿನಷ್ಟು. ಮನುಷ್ಯನದು ಸುಮಾರು 1,300ರಿಂದ 1,400 ಗ್ರಾಂ. ಮನುಷ್ಯನ ಮಿದುಳಿನಲ್ಲಿ ಬಿಳಿಯ ಭಾಗ ವಿಶಾಲವಾಗಿದೆ, ಚಿಟ್ಟಿಲಿಯಲ್ಲಿ ಅತ್ಯಲ್ಪ. ಚಿಟ್ಟಿಲಿಗೆ ಈ ಪ್ರಾಯೋಗಿಕ ಕಾಯಿಲೆ ಬಂದಾಗ ಗಾಯಗಳು ಮುಖ್ಯವಾಗಿ ಬೆನ್ನುಹುರಿಯಲ್ಲಿರುತ್ತವೆ. ಮೊದಲು ಬಾಲ ಜೋಲುತ್ತದೆ, ಆಮೇಲೆ ಹಿಂಗಾಲು ಸೋಲುತ್ತದೆ. ರೋಗಿಗಳಲ್ಲಿ ಮಿದುಳಿನ ಒಳಭಾಗವೂ ಹೊರಪದರವೂ ಗಾಯಗೊಳ್ಳುತ್ತವೆ. ದಕ್ಷಿಣ ಅಮೆರಿಕದ ಮಾರ್ಮೊಸೆಟ್ ಎಂಬ ಪುಟ್ಟ ಮಂಗದಲ್ಲಿ ಮಿದುಳಿನ ಗಾಯಗಳು ಮನುಷ್ಯನ ಗಾಯಗಳನ್ನು ಹೆಚ್ಚು ಹೋಲುತ್ತವೆ, ಎಂ.ಆರ್.ಐ.ನಲ್ಲಿಯೂ ಹಾಗೆಯೇ ಕಾಣುತ್ತವೆ.

ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಪ್ರಾಣಿಗೆ ಕಾಯಿಲೆಯನ್ನು ಮನುಷ್ಯನೇ ಬರಿಸುತ್ತಾನೆ; ರೋಗಿಗೆ ಅದು ತಾನಾಗಿ ಬರುತ್ತದೆ. 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಒಂದು ಕೋಟಿಗೂ ಹೆಚ್ಚು ಸೇನಾ ಸಿಬ್ಬಂದಿಯ ದಾಖಲೆಗಳನ್ನು ಪರಿಶೀಲಿಸಿ, ಎಪ್‌ಸ್ಟೈನ್-ಬಾರ್ ಎಂಬ ಸಾಮಾನ್ಯ ವೈರಸ್ಸಿನ ಸೋಂಕಿನ ಅನಂತರ ಮಲ್ಟಿಪಲ್ ಸ್ಕ್ಲೆರೋಸಿಸ್ ಬರುವ ಸಂಭವ 32 ಪಟ್ಟು ಏರುವುದೆಂದು ತೋರಿಸಿತು. ಆ ಸೋಂಕು ತಗುಲಿದ ಬಹುಪಾಲು ಜನರಿಗೆ ಈ ರೋಗ ಬರುವುದೇ ಇಲ್ಲವೆಂಬುದೂ ಅಷ್ಟೇ ನಿಜ. ಆ ವೈರಸ್ಸು ಸಹಜವಾಗಿ ಮನುಷ್ಯನನ್ನೇ ಹಿಡಿಯುವಂತಹುದು. ಸಾಧಾರಣ ಚಿಟ್ಟಿಲಿಗಳನ್ನು ಎಷ್ಟು ನೋಡಿದರೂ ಈ ಸಂಗತಿ ತಿಳಿಯುತ್ತಿರಲಿಲ್ಲ.

ಗೆಲವು ಮತ್ತು ಸೋಲು

ಪ್ರಾಣಿ ಮಾದರಿಗಳಿಂದ ದೊರೆತ ಔಷಧಿಗಳಲ್ಲಿ ಒಂದರ ಕಥೆ ಸ್ವಾರಸ್ಯಕರವಾಗಿದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಮೈಕೇಲ್ ಸೆಲಾ, ರೂತ್ ಆರ್ನಾನ್ ಮತ್ತು ದ್ವೋರಾ ಟೈಟಲ್‌ಬಾಮ್ ಅವರು ಮೈಲಿನ್ ಬೇಸಿಕ್ ಪ್ರೋಟೀನನ್ನು ಹೋಲುವ ಕೃತಕ ವಸ್ತುವೊಂದನ್ನು ತಯಾರಿಸಿದರು. ಅದು ಗಿನಿಯಿಲಿಗೆ ಕಾಯಿಲೆ ತರಬಹುದೆಂಬುದು ಅವರ ನಿರೀಕ್ಷೆ. ತರುವುದಿರಲಿ, ಅದು ಕಾಯಿಲೆಯನ್ನು ತಡೆಯಿತು. 1971ರಲ್ಲಿ ಪ್ರಕಟವಾದ ಈ ಶೋಧವು ಗ್ಲಾಟಿರಮರ್ ಎಂಬ ಔಷಧಿಯಾಗಿ 1996ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು.

ಬಿಳಿ ಕಣಗಳು ರಕ್ತನಾಳದಿಂದ ಮಿದುಳಿಗೆ ನುಸುಳುವ ಬಾಗಿಲನ್ನು ಮುಚ್ಚಿದರೆ ಇಲಿಗಳಿಗೆ ಕಾಯಿಲೆ ಬಾರದೆಂಬುದು 1992ರಲ್ಲಿ ತಿಳಿಯಿತು. ಅದರಿಂದ ಹುಟ್ಟಿದ ನಟಾಲಿಜುಮ್ಯಾಬ್ ಎಂಬ ಔಷಧಿ 2004ರಲ್ಲಿ ಬಳಕೆಗೆ ಬಂದು, ರೋಗ ಮರುಕಳಿಸುವುದನ್ನು ಬಹಳವಾಗಿ ತಗ್ಗಿಸಿತು. ಆದರೆ ಅದನ್ನು ಪಡೆದ ಕೆಲವರಿಗೆ, ಮಿದುಳಿನಲ್ಲಿ ಸುಮ್ಮನೆ ಕುಳಿತಿರಬೇಕಾದ ಬೇರೊಂದು ವೈರಸ್ಸು ಕೆರಳಿ ಪ್ರಾಣಾಪಾಯವಾದುದರಿಂದ 2005ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡು, 2006ರಲ್ಲಿ ಕಟ್ಟುನಿಟ್ಟಿನ ನಿಯಮಗಳೊಂದಿಗೆ ಮತ್ತೆ ಬಿಟ್ಟರು. ಆ ಅಪಾಯದ ಸುಳಿವನ್ನು ಇಲಿಗಳು ಕೊಟ್ಟಿರಲಿಲ್ಲ.

ಮೂರನೆಯ ಉದಾಹರಣೆ ಇನ್ನೂ ಕಠೋರವಾದುದು. ಟಿ.ಎನ್.ಎಫ್. ಎಂಬ ಉರಿಯೂತಕಾರಕ ವಸ್ತುವನ್ನು ತಡೆದರೆ ಕಾಯಿಲೆಯ ಪ್ರಾಣಿಗಳು ಸುಧಾರಿಸುತ್ತಿದ್ದವು. ಅದೇ ಭರವಸೆಯಿಂದ ಲೆನರ್ಸೆಪ್ಟ್ ಎಂಬ ಔಷಧಿಯನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ ರೋಗ ಮರುಕಳಿಸುವುದು ಹೆಚ್ಚಾಯಿತೆಂದು 1999ರಲ್ಲಿ ವರದಿಯಾಯಿತು. ಪ್ರಾಣಿಯ ಗಾಯವು ದಾರಿ ತೋರಿಸಬಲ್ಲುದು, ಆದರೆ ಊರು ಸೇರಿದೆವೆಂದು ಹೇಳಲಾರದು. ಕಳಚಿದ ಹೊದಿಕೆಯನ್ನು ಮನುಷ್ಯನಲ್ಲಿ ಮತ್ತೆ ಬೆಳೆಸುವ ಔಷಧಿಯಂತೂ ಇನ್ನೂ ಸಾಮಾನ್ಯ ಬಳಕೆಗೆ ಬಂದಿಲ್ಲ.

ಆದುದರಿಂದಲೇ ಮನುಷ್ಯನ ಮಿದುಳನ್ನೇ ಅಭ್ಯಾಸ ಮಾಡುವುದು ಅನಿವಾರ್ಯ. ನಿಮ್ಹಾನ್ಸಿನಲ್ಲಿ 1995ರಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳುತನದಲ್ಲಿ ಆರಂಭವಾದ ಮಾನವ ಮಿದುಳು ಭಂಡಾರವು, ಬಂಧುಗಳ ಒಪ್ಪಿಗೆಯಿಂದ ದಾನವಾಗಿ ಬಂದ ಮಿದುಳುಗಳನ್ನು ಸಂರಕ್ಷಿಸಿ ಸಂಶೋಧಕರಿಗೆ ಒದಗಿಸುತ್ತದೆ. ದಾನದ ಈ ಬಗೆ ಅನ್ನದಾನ, ವಿದ್ಯಾದಾನಗಳಷ್ಟು ಪ್ರಸಿದ್ಧವಲ್ಲ. ಆದರೂ ಅದರ ಫಲ ಕಡಮೆಯಲ್ಲ.

ಹಳೆಯ ಭಯ, ಹೊಸ ಲಸಿಕೆ

ಮಿದುಳಿನ ಗಾಯದ ಕಾರಣ ತಿಳಿದ ಮೇಲೆ ಲಸಿಕೆಯನ್ನು ತಿದ್ದುವ ದಾರಿಯೂ ತಿಳಿಯಿತು. ಮೈಲಿನ್ ಇನ್ನೂ ಸರಿಯಾಗಿ ಬೆಳೆದಿರದ ಎಳೆಯ ಚಿಟ್ಟಿಲಿ ಮರಿಗಳ ಮಿದುಳಿನಿಂದ 1955ರ ಸುಮಾರಿಗೆ ಚಿಲಿ ದೇಶದಲ್ಲಿ ಲಸಿಕೆ ತಯಾರಿಸಿದರು. ಅಪಾಯ ತಗ್ಗಿತು, ಪೂರ್ಣ ಹೋಗಲಿಲ್ಲ. ಆಮೇಲೆ ಮಿದುಳೇ ಇಲ್ಲದ, ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳಿಂದ ತಯಾರಾದ ಲಸಿಕೆ ಬಂದಿತು. ಇರಾನಿನಲ್ಲಿ ಹುಚ್ಚು ಹಿಡಿದ ತೋಳ ಮತ್ತು ನಾಯಿಗಳಿಂದ ಕಡಿಸಿಕೊಂಡ 45 ಮಂದಿಗೆ ಅದನ್ನು ಕೊಟ್ಟಾಗ ಅವರೆಲ್ಲರೂ ಬದುಕುಳಿದರೆಂದು 1976ರಲ್ಲಿ ವರದಿಯಾಯಿತು. ಮಿದುಳಿನ ಲಸಿಕೆಯನ್ನು ಕೈಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 1984ರಿಂದಲೂ ಹೇಳುತ್ತ ಬಂದಿತು. ಭಾರತದಲ್ಲಿ ಕುರಿಯ ಮಿದುಳಿನ ಲಸಿಕೆಯ ತಯಾರಿಕೆ ನಿಂತದ್ದು 2004ರ ಡಿಸೆಂಬರಿನಲ್ಲಿ. ಹೊಸ ಲಸಿಕೆಯ ಬೆಲೆ ಬಡವನ ಕೈಗೆ ಎಟುಕದಿದ್ದುದು ಈ ವಿಳಂಬಕ್ಕೆ ಮುಖ್ಯ ಕಾರಣ. 2006ರಲ್ಲಿ ಚರ್ಮದೊಳಗೆ ಅಲ್ಪ ಪ್ರಮಾಣದಲ್ಲಿ ಕೊಡುವ ಕ್ರಮಕ್ಕೆ ಅನುಮತಿ ದೊರೆತ ಮೇಲೆ ವೆಚ್ಚ ಬಹಳ ಇಳಿಯಿತು.

ಲಸಿಕೆ ಬದಲಾಯಿತು, ಆದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ, ಕಾಲು ಬೀಳುವ ಭಯ ಇವೆರಡು ಮಾತ್ರ ಜನರ ಮನಸ್ಸಿನಿಂದ ಸುಲಭವಾಗಿ ಅಳಿಯುವಂತಹವಲ್ಲ. ಆ ಭಯದಿಂದ ಆಸ್ಪತ್ರೆಗೆ ಹೋಗದೆ, ಕಡಿದ ಜಾಗಕ್ಕೆ ಸುಣ್ಣವನ್ನೋ ಮೆಣಸಿನಪುಡಿಯನ್ನೋ ಹಚ್ಚಿ ಸುಮ್ಮನಾದವನು ಪ್ರಾಣವನ್ನೇ ಕಳೆದುಕೊಳ್ಳಬಹುದು. ಹಿಂದೆ ಆ ಭಯಕ್ಕೆ ಕಾರಣವಿತ್ತು, ಇಂದು ಇಲ್ಲ. ಇಂದಿನ ಲಸಿಕೆಯಲ್ಲಿ ಕುರಿಯ ಮಿದುಳಿಲ್ಲ. ಅದನ್ನು ಕೊಡುವುದು ತೋಳಿಗೆ, ಸಾಮಾನ್ಯವಾಗಿ ನಾಲ್ಕು ಇಲ್ಲವೆ ಐದು ದಿನಗಳಂದು ಮಾತ್ರ. ಕಡಿದ ಕೂಡಲೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಕಾಲು ಗಂಟೆಯ ಕಾಲ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಕ್ತ ಬರುವಂತಹ ಗಾಯವಾಗಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ ಸಿದ್ಧ ರಕ್ಷಣಾದ್ರವವೂ ಬೇಕಾಗುತ್ತದೆ. ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸಬಾರದು.

ಈ ಮಾತನ್ನು ತರಗತಿಯಲ್ಲಿ ಉಪಾಧ್ಯಾಯರು ಮಕ್ಕಳಿಗೆ ಹೇಳಿದರೆ ಅದು ಸಂಜೆಯ ವೇಳೆಗೆ ಹಟ್ಟಿಹಟ್ಟಿಗೂ ತಲುಪುತ್ತದೆ. ಲಸಿಕೆಗಾಗಿ ಪ್ರಾಣ ಕೊಟ್ಟ ಕುರಿಗಳು, ಪ್ರಯೋಗಶಾಲೆಯಲ್ಲಿ ಕಾಲು ಸೋತು ಬಿದ್ದ ಮಂಗಗಳು, ಹುಚ್ಚುನಾಯಿಯಿಂದ ಪಾರಾಗಲು ಹೋಗಿ ಹಾಸಿಗೆ ಹಿಡಿದ ಹಳ್ಳಿಗರು ಇವರೆಲ್ಲರಿಂದಲೂ ದೊರೆತ ತಿಳಿವಳಿಕೆಯಿದು. ಇದನ್ನು ಪುಸ್ತಕದಲ್ಲಿ ಉಳಿಯಗೊಡದೆ ಊರಿನ ಬಳಕೆಗೆ ತರುವುದು ಅವರೆಲ್ಲರ ಋಣವನ್ನು ಸಲ್ಲಿಸುವ ಒಂದು ದಾರಿ.